ಬೀದಿ ಅಗೆದವರು ಲೆಕ್ಕ ಕೊಡಲಿ

ವರಮಹಾಲಕ್ಷ್ಮಿ ಹಬ್ಬ ಯಾವ ತಿಂಗಳಲ್ಲಿ ಬರುತ್ತದೆಂದು ಬೆಂಗಳೂರಿನ ಎಂಜಿನಿಯರುಗಳಿಗೆ ಗೊತ್ತಿಲ್ಲವೆ? ಅವರ ಮನೆಗಳಲ್ಲೂ ಕಳಶ ಕೂರಿಸುತ್ತಾರೆ. ಅವರ ಮನೆಯವರೂ ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಹೋಗಿ ಸೇವಂತಿಗೆ ಚೌಕಾಸಿ ಮಾಡುತ್ತಾರೆ. ಇಷ್ಟಾದರೂ ಶ್ರಾವಣ ಬರುವ ಹೊತ್ತಿಗೆ ಬಜಾರಿನ ನಡುವೆ ಜೆಸಿಬಿ ನಿಂತಿರುತ್ತದೆ, ಅಂಗಡಿಗಳ ಮುಂದೆ ಆಳುದ್ದ ಕಾಲುವೆ ತೆರೆದುಕೊಂಡಿರುತ್ತದೆ. ಇದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ.

2023ರಲ್ಲಿ ಗಾಂಧಿ ಬಜಾರಿನಲ್ಲಿ ಹೀಗೇ ಆಯಿತು. ನಗರ ಭೂಸಾರಿಗೆ ನಿರ್ದೇಶನಾಲಯವೂ ಪಾಲಿಕೆಯೂ ಸೇರಿ ಮುಖ್ಯರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಕಟ್ಟುತ್ತೇವೆಂದು ಹೊರಟವು. ಬೀದಿಬದಿ ವ್ಯಾಪಾರಿಗಳನ್ನು ಅವರ ಜಾಗದಿಂದ ಎಬ್ಬಿಸಿದರು, ರಸ್ತೆ ಕಿತ್ತರು. ಆಮೇಲೆ ತಿಂಗಳುಗಳು ಉರುಳಿದವು. ಶ್ರಾವಣ ಬಂತು, ಗೌರಿ ಗಣೇಶ ಬಂತು, ಆಯುಧಪೂಜೆ ಬಂತು. ಕುಂಬಳಕಾಯಿ, ಬಾಳೆಕಂದು ಇಟ್ಟು ಕೂರಬೇಕಾದ ಜಾಗದಲ್ಲಿ ಜಲ್ಲಿ ರಾಶಿ. ಶಟರ್ ಎತ್ತಿ ಕೂತ ಅಂಗಡಿಯವನ ಗಲ್ಲಾದೊಳಕ್ಕೂ ಧೂಳು.

ಹಬ್ಬದ ವ್ಯಾಪಾರವೆಂದರೆ ಏನೆಂದು ಕಚೇರಿಯಲ್ಲಿ ಕೂತು ನಕ್ಷೆಗೆ ಸಹಿ ಹಾಕುವವರು ಒಮ್ಮೆ ತಿಳಿದುಕೊಳ್ಳಬೇಕು. ಹೂವಿನಾಕೆ ಬೆಳಕು ಹರಿಯುವ ಮುಂಚೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಮಾಲು ಎತ್ತುತ್ತಾಳೆ. ಎಷ್ಟೋ ಮಂದಿ ಬೆಳಿಗ್ಗೆ ಕೈಸಾಲ ತಂದು ರಾತ್ರಿ ಬಡ್ಡಿ ಸಮೇತ ಹಿಂದಿರುಗಿಸುವವರು. ಮಲ್ಲಿಗೆ, ಕಾಕಡ, ಕನಕಾಂಬರ ನಾಳೆಗೆ ಉಳಿಯುವ ಸರಕಲ್ಲ. ಸಂಜೆಯೊಳಗೆ ಮೊಳ ಹಾಕಿ ಕೊಡಬೇಕು, ಇಲ್ಲವೆ ಕಸಕ್ಕೆ ಸುರಿಯಬೇಕು. ಗ್ರಂಧಿಗೆ ಅಂಗಡಿಯವನದು ಬೇರೆ ಲೆಕ್ಕ. ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ಕರ್ಪೂರವನ್ನು ಅವನು ತಿಂಗಳ ಮುಂಚೆ ಸಗಟಿನಲ್ಲಿ ತಂದು ತುಂಬಿರುತ್ತಾನೆ. ಬಟ್ಟೆ ಅಂಗಡಿಯವನಂತೂ ಯುಗಾದಿಗೂ ದೀಪಾವಳಿಗೂ ಮಾಡಿದ ಸಂಪಾದನೆಯಲ್ಲೇ ಮಿಕ್ಕ ತಿಂಗಳುಗಳ ಬಾಡಿಗೆ, ಹುಡುಗರ ಸಂಬಳ ತೂಗಿಸುತ್ತಾನೆ. ಒಂದು ಹಬ್ಬ ಕಳೆದುಕೊಂಡರೆ ಅವನಿಗೆ ಒಂದು ದಿನ ಹೋಗುವುದಿಲ್ಲ, ಒಂದು ಋತುವೇ ಹೋಗುತ್ತದೆ. ಇನ್ನೊಂದು ಮಾತು: ಒಂದು ಸಲ ದಾರಿ ತಪ್ಪಿದ ಗಿರಾಕಿ ರಸ್ತೆ ಸರಿಯಾದ ಮರುದಿನವೇ ತಿರುಗಿ ಬರುವುದಿಲ್ಲ. ಮನೆ ಬಾಗಿಲಿಗೆ ಹೂವು ಹಣ್ಣು ತಂದುಕೊಡುವ ಆಪ್‌ಗಳು ಅಷ್ಟರಲ್ಲಿ ಅವನನ್ನು ಹಿಡಿದಿರುತ್ತವೆ.

ಇಂಥ ಬೀದಿಯನ್ನು ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ. 1898ರಲ್ಲಿ ಪ್ಲೇಗು ಪೇಟೆಯನ್ನು ಹಿಂಡಿದ ಕಾಲಕ್ಕೆ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೆಳೆದವು. ಜನ ಬಂದಂತೆ ತರಕಾರಿ ಬಂತು, ಹೂವು ಬಂತು, 1943ರಲ್ಲಿ ವಿದ್ಯಾರ್ಥಿ ಭವನ ಬಂತು. ಹೂವಿಗೆ ಬಂದವರು ಹಣ್ಣು ಕೊಂಡರು, ಹಣ್ಣಿಗೆ ಬಂದವರು ರವಿಕೆ ಕಣ ನೋಡಲು ಅಂಗಡಿ ಹತ್ತಿದರು, ದೋಸೆಗೆ ಬಂದವರು ಸೊಪ್ಪು ಹಿಡಿದು ಮನೆಗೆ ಹೋದರು. ಬುಟ್ಟಿಯವಳಿಲ್ಲದೆ ಶಟರಿನವನಿಲ್ಲ, ಶಟರಿನವನಿಲ್ಲದೆ ಬುಟ್ಟಿಯವಳಿಲ್ಲ. ಎಷ್ಟೋ ಬುಟ್ಟಿಗಳು ರಾತ್ರಿ ತಂಗುವುದೂ ಅಂಗಡಿಯ ಮೂಲೆಯಲ್ಲೇ. ನೂರು ವರ್ಷ ನೇಯ್ದ ಈ ಬಟ್ಟೆಯಿಂದ ಒಂದು ಎಳೆ ಎಳೆದರೆ ಎಲ್ಲಿಯತನಕ ಬಿಚ್ಚಿಕೊಳ್ಳುತ್ತದೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಹಾಗೆಂದು ಇವರು ಸದಾ ಒಂದಾಗಿದ್ದರೆಂದು ನಾನು ಸುಳ್ಳು ಹೇಳಲಾರೆ. ಅಂಗಡಿ ಮುಂದೆ ತಳ್ಳುಗಾಡಿ ನಿಂತರೆ ಕಣ್ಣು ಕೆಂಪಾಗುವ ಅಂಗಡಿಯವರು ಪ್ರತಿ ಬೀದಿಯಲ್ಲೂ ಇದ್ದಾರೆ. ಬಾಡಿಗೆ, ತೆರಿಗೆ, ಟ್ರೇಡ್ ಲೈಸೆನ್ಸ್ ಎಲ್ಲ ನಮಗೆ, ವ್ಯಾಪಾರ ಮಾತ್ರ ಅವರಿಗೆ ಎಂಬ ಸಿಟ್ಟು ಹಳೆಯದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಫುಟ್‌ಪಾತಿನ ಜಗಳ ವರ್ಷಗಟ್ಟಲೆ ನಡೆದು, 2023ರ ನವೆಂಬರಿನಲ್ಲಿ ಪಾಲಿಕೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿತು. ಅಧಿಕಾರ ಬದುಕಿರುವುದೇ ಈ ಜಗಳದಲ್ಲಿ. ಅಂಗಡಿಯವರು ರಸ್ತೆ ಯಾವಾಗ ಸರಿಯಾಗುತ್ತದೆಂದು ಕೇಳಿದರೆ ಬೀದಿಯವರು ಜಾಗ ಬಿಡುತ್ತಿಲ್ಲ ಎನ್ನುತ್ತಾರೆ ಅಧಿಕಾರಿಗಳು. ಬೀದಿಯವರು ನಮ್ಮನ್ನೇಕೆ ಎಬ್ಬಿಸಿದಿರಿ ಎಂದರೆ ಅಂಗಡಿಯವರ ದೂರು ಎನ್ನುತ್ತಾರೆ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಬೈದುಕೊಂಡು ಮನೆಗೆ ಹೋಗುತ್ತಾರೆ, ಕಡತ ಇದ್ದಲ್ಲೇ ಇರುತ್ತದೆ.

ಆದರೆ ಗುಂಡಿಗೆ ಈ ಭೇದವಿಲ್ಲ. ಅದು ಪಾದರಕ್ಷೆ ಅಂಗಡಿಯ ಮೆಟ್ಟಿಲನ್ನೂ ನುಂಗಿತು, ಬುಟ್ಟಿ ಇಡುವ ಅಂಚನ್ನೂ ನುಂಗಿತು. ಅಗೆದ ಬೀದಿಯಲ್ಲಿ ಮುಂದೆ ಬೋಣಿಯಾಗದ ಬುಟ್ಟಿ, ಹಿಂದೆ ಬೋಣಿಯಾಗದ ಗಲ್ಲಾ. ಇಬ್ಬರೂ ಕೇಳುವ ಪ್ರಶ್ನೆಗಳು ಈಗ ಒಂದೇ ಆಗಿವೆ: ಕೆಲಸ ಯಾವಾಗ ಮುಗಿಯುತ್ತದೆ, ಯಾರನ್ನು ಕೇಳಬೇಕು, ಹೋದದ್ದನ್ನು ಯಾರು ತುಂಬಿಕೊಡುತ್ತಾರೆ?

ಮೊದಲ ಪ್ರಶ್ನೆಗೆ ಈ ನಗರ ಕೊಟ್ಟ ಉತ್ತರಗಳನ್ನು ನೋಡಿ. ಈಜಿಪುರದ ಮೇಲುಸೇತುವೆಯ ಕೆಲಸ ಶುರುವಾದದ್ದು 2017ರಲ್ಲಿ. ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ. 2019ಕ್ಕೆ ಮುಗಿಯಬೇಕಿದ್ದುದು ನಿಂತು, ಗುತ್ತಿಗೆ ರದ್ದಾಗಿ, ವರ್ಷಗಳ ಕಾಲ ಕಂಬಗಳು ಕಬ್ಬಿಣ ಹೊರಚಾಚಿಕೊಂಡು ನಿಂತವು. ಅದರ ಕೆಳಗೆ ಬೇಕರಿ ಇಟ್ಟವರು, ಟೈರಿಗೆ ಪಂಕ್ಚರ್ ಹಾಕುವವರು ಏನಾದರು? ಯಾವ ವರದಿಯಲ್ಲೂ ಅವರಿಗೊಂದು ಕಾಲಮ್ಮಿಲ್ಲ. ಕಮರ್ಷಿಯಲ್ ಸ್ಟ್ರೀಟಿನದು ಇನ್ನೂ ಹೊಟ್ಟೆ ಉರಿಸುವ ಕಥೆ. ಕೋವಿಡ್‌ನಿಂದ ಮೊದಲೇ ಸೊಂಟ ಮುರಿದಿದ್ದ ಬೀದಿಯನ್ನು ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಅಗೆದು ಕಲ್ಲು ಹಾಸಿದರು. ಹಾಸಿದ ಕಲ್ಲು ಎದ್ದು ಬಂತು. 2021ರಲ್ಲಿ ಅದೇ ಬೀದಿಯನ್ನು ಮತ್ತೆ ಕೀಳಬೇಕಾಯಿತು. ಕೆಟ್ಟ ಕಲ್ಲನ್ನು ಬದಲಿಸುವ ಹೊಣೆ ಗುತ್ತಿಗೆದಾರನ ಮೇಲೆ ಹಾಕಬಹುದು. ಎರಡನೇ ಸಲ ಮುಚ್ಚಿದ ಅಂಗಡಿಯ ಬಾಡಿಗೆ ಯಾರ ಮೇಲೆ?

ನಡೆಯುವವರಿಗೆ ಅಗಲ ಫುಟ್‌ಪಾತ್ ಬೇಡವೆಂದು ನಾನು ಹೇಳುತ್ತಿಲ್ಲ. 2018ರಲ್ಲಿ ಮತ್ತೆ ತೆರೆದ ಚರ್ಚ್ ಸ್ಟ್ರೀಟಿನಲ್ಲಿ ಮುದುಕರೂ ಮಕ್ಕಳೂ ನಿರಾಳವಾಗಿ ನಡೆಯುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಅದಕ್ಕೆ ಮುಂಚೆ ಸುಮಾರು ಒಂದು ವರ್ಷ ಆ ಬೀದಿ ಅಗೆದುಕೊಂಡು ಬಿದ್ದಿತ್ತು. ಒಳ್ಳೆಯ ಬೀದಿ ಕಟ್ಟಲು ಅಲ್ಲಿ ಬದುಕುತ್ತಿರುವವರನ್ನು ಬಲಿ ಕೊಡಲೇಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಇಡೀ ಉದ್ದವನ್ನು ಒಮ್ಮೆಗೇ ಅಗೆಯುವ ಬದಲು ನೂರು ನೂರು ಅಡಿ ಅಗೆದು ಮುಗಿಸಿ ಮುಂದಕ್ಕೆ ಹೋಗಬಹುದು. ರಾತ್ರಿ ಕೆಲಸ ಮಾಡಬಹುದು. ಪ್ರತಿ ಅಂಗಡಿಗೂ ಹಲಗೆಯ ದಾರಿ ಬಿಡಬಹುದು. ಹಬ್ಬದ ಎರಡು ವಾರ ಜೆಸಿಬಿ ನಿಲ್ಲಿಸಬಹುದು. ಇದಕ್ಕೆ ಬೇಕಾದದ್ದು ಬೀದಿಯಲ್ಲಿರುವವರು ಮನುಷ್ಯರೆಂಬ ನೆನಪು ಮಾತ್ರ.

ಅಗೆತದ ಒಳಗುಟ್ಟು ಎಲ್ಲ ಅಂಗಡಿಯವರಿಗೂ ಗೊತ್ತು. ಜಲಮಂಡಳಿ ಒಳಚರಂಡಿ ಕೊಳವೆಗೆಂದು ಅಗೆದು ಮಣ್ಣು ಮುಚ್ಚಿ ಹೋಗುತ್ತದೆ. ಬೆಸ್ಕಾಂ ನೆಲದಡಿಯ ಕೇಬಲ್ಲಿಗೆಂದು ಬರುತ್ತದೆ. ಗ್ಯಾಸ್ ಪೈಪಿನವರು ಬರುತ್ತಾರೆ, ಇಂಟರ್ನೆಟ್ ಕೇಬಲಿನವರು ಬರುತ್ತಾರೆ, ಕೊನೆಗೆ ಪಾಲಿಕೆ ಬಂದು ಡಾಂಬರು ಹಾಕುತ್ತದೆ. ಡಾಂಬರು ಆರುವ ಮುಂಚೆ ಮತ್ತೆ ಯಾರೋ ಗುದ್ದಲಿ ಹಿಡಿದಿರುತ್ತಾರೆ. ವೈಟ್‌ಟಾಪಿಂಗ್ ಬಂದಮೇಲೆ ಇನ್ನೊಂದು ಕಷ್ಟ ಸೇರಿಕೊಂಡಿದೆ. ಹಳೆಯ ಪದರ ಕೆರೆದು ತೆಗೆಯದೆ ಅದರ ಮೇಲೇ ದಪ್ಪ ಕಾಂಕ್ರೀಟು ಸುರಿದಲ್ಲಿ ರಸ್ತೆ ಮೇಲೆದ್ದು ಅಂಗಡಿಯ ನೆಲ ತಗ್ಗಾಗುತ್ತದೆ. ಪಕ್ಕದ ಮೋರಿ ಸರಿಯಿಲ್ಲದಿದ್ದರೆ ಮೊದಲ ಮಳೆಗೇ ನೀರು ನೇರ ಒಳಕ್ಕೆ. 2023ರ ಮೇ ತಿಂಗಳ ಒಂದು ಮಧ್ಯಾಹ್ನದ ಮಳೆಯಲ್ಲಿ ಮಲ್ಲೇಶ್ವರದ ಒಂದು ಆಭರಣದಂಗಡಿಗೆ ನೀರು ನುಗ್ಗಿ ಚಿನ್ನವನ್ನೇ ಕೊಚ್ಚಿಕೊಂಡು ಹೋಯಿತು. ಚಿನ್ನವಾದ್ದರಿಂದ ಪತ್ರಿಕೆಗೆ ಬಂತು. ಅಕ್ಕಿ ಮೂಟೆ, ಪುಸ್ತಕದ ಕಟ್ಟು, ಹೊಲಿಗೆ ಯಂತ್ರದ ಮೋಟರು ಪ್ರತಿ ಮಳೆಗಾಲವೂ ನೆನೆದು ಹಾಳಾಗುತ್ತಲೇ ಇವೆ.

ಯಾರನ್ನು ಕೇಳಬೇಕು? ಇದು ಎರಡನೆಯ ಪ್ರಶ್ನೆ, ಮತ್ತು ಇಲ್ಲೇ ನನ್ನ ಸಿಟ್ಟು ಕುದಿಯುವುದು. ಆಗಿನ ಪಾಲಿಕೆಯಾದ ಬಿಬಿಎಂಪಿಯ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಸಬೇಕೆಂದು ಸಂವಿಧಾನವೇ ಹೇಳುತ್ತದೆ. 1992ರ 74ನೇ ತಿದ್ದುಪಡಿ ಬಂದದ್ದೇ ಅದಕ್ಕೆ. ಒಂದಲ್ಲ ಒಂದು ನೆಪ ಹೂಡಿ, ಒಂದು ಸರ್ಕಾರ ಹೋಗಿ ಇನ್ನೊಂದು ಬಂದರೂ, ಐದು ವರ್ಷ ಈ ಮಹಾನಗರವನ್ನು ಚುನಾಯಿತ ಸದಸ್ಯನೊಬ್ಬನೂ ಇಲ್ಲದೆ ಆಳಿದರು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದಾಗಿ ಒಡೆದು ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದರು. ಆಗಲೂ ಮತದಾರನನ್ನು ಕೇಳಲಿಲ್ಲ. ಹಳೆಯ ಕಾರ್ಪೊರೇಟರುಗಳು ದೇವತೆಗಳೇನಲ್ಲ, ಅವರ ಕಮಿಷನ್ನಿನ ಕಥೆಗಳನ್ನು ಇದೇ ಅಂಗಡಿಯವರು ಹೇಳುತ್ತಾರೆ. ಆದರೂ ಕಾರ್ಪೊರೇಟರಿಗೆ ಒಂದು ಮನೆಯಿತ್ತು, ಮನೆಗೊಂದು ಬಾಗಿಲಿತ್ತು, ಮುಂದಿನ ಚುನಾವಣೆಯ ಭಯವಿತ್ತು. ವರ್ಗವಾಗಿ ಹೋಗುವ ಅಧಿಕಾರಿಗೆ ಆ ಭಯವಿಲ್ಲ.

ಇನ್ನು ಮೂರನೆಯ ಪ್ರಶ್ನೆ. ತುಂಬಿಕೊಡಲು ಯಾರೂ ಇಲ್ಲ, ವಸೂಲಿಗೆ ಮಾತ್ರ ಎಲ್ಲರೂ ಇದ್ದಾರೆ. ಟ್ರೇಡ್ ಲೈಸೆನ್ಸ್ ನವೀಕರಣ ತಡವಾದರೆ ದಂಡ. 2025ರಲ್ಲಿ ಕಸದ ಶುಲ್ಕ ಬಂತು. ಹೆಚ್ಚು ಕಸ ಹುಟ್ಟುವ ಹೋಟೆಲುಗಳಿಗೆ ಕಿಲೋಗೆ 5 ರೂಪಾಯಿ ಇದ್ದುದು 12ಕ್ಕೆ ಏರಿದಾಗ ಹೋಟೆಲಿನವರು ಬೊಬ್ಬೆ ಹಾಕಿದರು. ಅಗೆದ ರಸ್ತೆಯಲ್ಲಿ ಗಿರಾಕಿಯೇ ಬಾರದ ತಿಂಗಳಿಗೂ ಆಸ್ತಿ ತೆರಿಗೆಯಲ್ಲಿ ಒಂದು ಪೈಸೆಯ ರಿಯಾಯಿತಿ ಇಲ್ಲ.

ಬೀದಿ ವ್ಯಾಪಾರಿಗಳಿಗಂತೂ ಕಾನೂನು ಇದ್ದೂ ಇಲ್ಲದಂತಾಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸ್ಪಷ್ಟವಾಗಿದೆ. ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಸಿಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದರೆ 30 ದಿನಗಳ ನೋಟಿಸು ಕೊಡಬೇಕು. ವಶಪಡಿಸಿಕೊಂಡ ಹೂವು ಹಣ್ಣಿನಂಥ ಕೊಳೆಯುವ ಸರಕನ್ನು ಕೇಳಿದ ದಿನವೇ ಹಿಂದಿರುಗಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು. ಐವತ್ತು ವರ್ಷ ದಾಟಿದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿಯವರನ್ನು ಕದಲಿಸಬಾರದು ಎಂದೂ ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ. ಗಾಂಧಿ ಬಜಾರಿನ ಹೂವಿನ ಸಾಲಿಗೆ ಐವತ್ತು ವರ್ಷ ಆಗಿಲ್ಲವೆಂದು ಯಾರಾದರೂ ಎದೆ ಮುಟ್ಟಿಕೊಂಡು ಹೇಳಲಿ.

2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಸ್ವನಿಧಿ ಯೋಜನೆ ತಂದು ಬೀದಿ ವ್ಯಾಪಾರಿಗೆ 10 ಸಾವಿರ ರೂಪಾಯಿ ಸಾಲ ಕೊಡಿಸಿತು. ಅರ್ಜಿ ತುಂಬಿಸಿ ಶಿಫಾರಸು ಮಾಡಿದ್ದು ಇವೇ ಸ್ಥಳೀಯ ಸಂಸ್ಥೆಗಳು. ಆ ಸಾಲದಲ್ಲಿ ಕೊಂಡ ಗಾಡಿಯನ್ನು ಅದೇ ಸಂಸ್ಥೆಯ ಲಾರಿ ಬಂದು ಎತ್ತಿಕೊಂಡು ಹೋದರೆ, ಬ್ಯಾಂಕಿನ ಕಂತನ್ನು ಆ ವ್ಯಾಪಾರಿ ಯಾವುದರಿಂದ ಕಟ್ಟಬೇಕು?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಐದೂ ಪಾಲಿಕೆಗಳಲ್ಲಿ ಚುನಾಯಿತ ಸದಸ್ಯರು ಬೇಕು. ಕೆಲಸ ತಡವಾದ ಪ್ರತಿ ವಾರಕ್ಕೂ ಗುತ್ತಿಗೆದಾರನಿಂದ ದಂಡ ವಸೂಲು ಮಾಡಿ, ಆ ಹಣವನ್ನು ಖಜಾನೆಗೆ ತುಂಬದೆ ಆ ಬೀದಿಯ ಅಂಗಡಿಗಳಿಗೂ ಬುಟ್ಟಿಗಳಿಗೂ ಹಂಚುವ ಷರತ್ತು ಪ್ರತಿ ಟೆಂಡರಿನಲ್ಲಿ ಇರಬೇಕು. ಅಗೆದ ತಿಂಗಳುಗಳ ಆಸ್ತಿ ತೆರಿಗೆ ಮನ್ನಾ ಆಗಬೇಕು.

ಅಂಗಡಿಯವರಿಗೂ ಒಂದು ಮಾತಿದೆ. ತಳ್ಳುಗಾಡಿಯವರ ಮೇಲೆ ಅರ್ಜಿ ಬರೆಯುವುದನ್ನು ನಿಲ್ಲಿಸಿ. ಅವರು ಎದ್ದು ಹೋದ ಬೀದಿಯಲ್ಲಿ ನಿಮ್ಮ ವ್ಯಾಪಾರವೂ ಎದ್ದು ಹೋಗುತ್ತದೆ. ಮುಂದಿನ ಸಲ ಜೆಸಿಬಿ ಬಂದ ಬೆಳಿಗ್ಗೆ ಶಟರಿನವರೂ ಬುಟ್ಟಿಯವರೂ ಒಟ್ಟಿಗೆ ಅದರ ಮುಂದೆ ನಿಂತು ಕಾರ್ಯಾದೇಶದ ಪ್ರತಿ ಕೇಳಿ. ಮುಗಿಸುವ ದಿನಾಂಕ, ಗುತ್ತಿಗೆದಾರನ ಹೆಸರು, ಮೊತ್ತ, ಹೊಣೆ ಹೊತ್ತ ಎಂಜಿನಿಯರಿನ ಹೆಸರು ಅದರಲ್ಲಿ ಇರಬೇಕು. ಕೊಡದಿದ್ದರೆ ಅದೇ ದಿನ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರ ಬಂದೊಡನೆ ದೊಡ್ಡ ಅಕ್ಷರದಲ್ಲಿ ಬರೆಸಿ ಬೀದಿಯ ಎರಡೂ ತುದಿಗೆ ತೂಗುಹಾಕಿ.