ಬಳಸದ ಬ್ರೇಕಿಗೆ ಹಿಡಿಯುವ ತುಕ್ಕು

ಮಳೆಗಾಲದಲ್ಲಿ, ರಾತ್ರಿಯೆಲ್ಲ ಸುರಿದು ಬೆಳಗ್ಗೆ ಹೊಳವಾದಾಗ, ಬಸವನಗುಡಿಯ ಯಾವುದಾದರೊಂದು ಅಡ್ಡರಸ್ತೆಯಲ್ಲಿ ಮರದಡಿ ನಿಂತಿರುವ ಕಾರಿನ ಗಾಲಿಯೊಳಕ್ಕೆ ಇಣುಕಿ ನೋಡಿರಿ. ಗಾಲಿಯೊಡನೆ ತಿರುಗುವ ಬ್ರೇಕಿನ ಡಿಸ್ಕು, ಎಂದರೆ ಕಬ್ಬಿಣದ ತಟ್ಟೆ, ಕಿತ್ತಳೆಯ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಪೆಟ್ರೋಲಿನ ಕಾರಾದರೆ ಗಾಂಧಿಬಜಾರನ್ನು ದಾಟುವುದರೊಳಗಾಗಿ ಹತ್ತು ಸಲ ಬ್ರೇಕು ಒತ್ತಿ ಆ ತುಕ್ಕೆಲ್ಲ ಉಜ್ಜಿಹೋಗಿರುತ್ತದೆ. ವಿದ್ಯುತ್ ಕಾರಿನಲ್ಲಿ ಹಾಗಾಗುವುದಿಲ್ಲ. ನಮ್ಮ ನೆರೆಯವರೊಬ್ಬರ ವಿದ್ಯುತ್ ಕಾರಿನ ಹಿಂದಿನ ಎರಡು ಡಿಸ್ಕುಗಳನ್ನು ಈಚೆಗೆ ಬದಲಾಯಿಸಬೇಕಾಯಿತು. ಅವನ್ನು ಅದುಮುವ ಪ್ಯಾಡುಗಳು ಹೊಸದರಷ್ಟೇ ದಪ್ಪವಾಗಿದ್ದವು. ತಟ್ಟೆಗಳು ಮಾತ್ರ ಕುಳಿಬಿದ್ದು ಕೆಟ್ಟಿದ್ದವು. "ಬ್ರೇಕು ಒತ್ತಿದ್ದೇ ಅಪರೂಪ, ಸ್ವಾಮಿ, ಸವೆದದ್ದು ಹೇಗೆ?" ಎಂದು ಅವರು ಕೇಳಿದರು. ಒತ್ತದೆ ಇದ್ದುದೇ ಅದಕ್ಕೆ ಕಾರಣವೆಂದು ಅವರನ್ನು ನಂಬಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

1,500 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 36 ಕಿಲೋಮೀಟರು, ಅಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಹೋಗುತ್ತಿದೆಯೆನ್ನೋಣ. ಅದರ ಚಲನಶಕ್ತಿ 75,000 ಜೂಲುಗಳೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿಕೊಳ್ಳಬಹುದು. ಹಳೆಯ ಕಾರು ನಿಲ್ಲುವಾಗ ಈ ಶಕ್ತಿಯ ಬಹುಭಾಗವು ಪ್ಯಾಡು ತಟ್ಟೆಗಳ ಘರ್ಷಣೆಯಿಂದ ಶಾಖವಾಗಿ ಗಾಳಿಯ ಪಾಲಾಗುತ್ತದೆ. ವಿದ್ಯುತ್ ಕಾರಿನಲ್ಲಾದರೋ ಮೋಟಾರೇ ಡೈನಮೋ ಆಗಿ ಕೆಲಸಮಾಡಿ ಅದರ ಒಳ್ಳೆಯ ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಕಾರಿನಲ್ಲಿಯೂ ಈ ಏರ್ಪಾಡು ಇದ್ದಿತು. ಊರೊಳಗಿನ ನಿಧಾನ ಸಂಚಾರದಲ್ಲಿ ಮೋಟಾರಿನ ಈ ತಡೆಯೇ ಬಹುಮಟ್ಟಿಗೆ ಸಾಕಾಗುವುದರಿಂದ ಕಬ್ಬಿಣದ ತಟ್ಟೆಗಳಿಗೆ ಕೆಲಸವಿಲ್ಲದಂತಾಗುತ್ತದೆ. ಹಿಂದಿನವುಗಳಿಗಂತೂ ಮೊದಲೇ ಕೆಲಸ ಕಡಿಮೆ. ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಮುಂದಿನ ಗಾಲಿಗಳೇ ಹೆಚ್ಚಿನ ಹೊರೆಯನ್ನು ಹೊರುತ್ತವೆ.

ಅಡಿಗೆಮನೆಯ ಈಳಿಗೆಮಣೆಯನ್ನು ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ದಿನವೂ ತರಕಾರಿ ಹೆಚ್ಚುವ ಈಳಿಗೆ ಹೊಳೆಯುತ್ತಿರುತ್ತದೆ. ಅಟ್ಟಕ್ಕೇರಿದ ಈಳಿಗೆ ಒಂದು ಮಳೆಗಾಲದಲ್ಲಿ ತುಕ್ಕಿನ ಮುದ್ದೆಯಾಗುತ್ತದೆ. ಅಲ್ಯುಮಿನಿಯಮ್ಮಿನ ಮೇಲೆ ಕಟ್ಟುವ ಆಕ್ಸೈಡಿನ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಅಂಥದಲ್ಲ. ಅದು ಸಡಿಲವಾಗಿ ಉಬ್ಬಿ, ನೀರನ್ನೂ ಆಮ್ಲಜನಕವನ್ನೂ ಇನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಈಳಿಗೆಗೆ ಎಣ್ಣೆ ಸವರಿ ಇಡಬಹುದು. ಬ್ರೇಕಿನ ತಟ್ಟೆಗೆ ಎಣ್ಣೆ ಸವರುವ ಬುದ್ಧಿವಂತರು ಮುಂದಿನ ತಿರುವಿನಲ್ಲಿಯೇ ತಮ್ಮ ತಪ್ಪನ್ನು ತಿಳಿದಾರು! ಸ್ಕೂಟರು, ಮೋಟಾರುಬೈಕುಗಳಂತೆ ಇಲ್ಲಿಯೂ ತುಕ್ಕು ಹಿಡಿಯದ ಉಕ್ಕನ್ನೇ ಏಕೆ ಬಳಸಬಾರದೆಂದು ಕೇಳಬಹುದು. ಕಾರಿನ ಭಾರಕ್ಕೆ ಏಳುವ ಶಾಖವನ್ನು ಬೇಗನೆ ಹರಡುವುದರಲ್ಲಿ, ಕಿರುಚುವ ಕಂಪನವನ್ನು ಅಡಗಿಸುವುದರಲ್ಲಿ, ಬೆಲೆಯಲ್ಲಿ, ಗ್ರಾಫೈಟಿನ ಹಕ್ಕಳೆಗಳನ್ನು ಒಡಲಲ್ಲಿ ಇಟ್ಟುಕೊಂಡಿರುವ ಎರಕದ ಕಬ್ಬಿಣಕ್ಕೆ ಸಾಟಿಯಾದ ವಸ್ತು ಸುಲಭವಾಗಿ ಸಿಕ್ಕದು.

ನೋಟಕ್ಕಷ್ಟೇ ಅಸಹ್ಯವಾಗಿದ್ದರೆ ಈ ಮಾತನ್ನು ಇಲ್ಲಿಗೇ ಬಿಡಬಹುದಾಗಿತ್ತು. ತುಕ್ಕಿನ ಕುಳಿಗಳು ಬಿದ್ದ ತಟ್ಟೆಯನ್ನು ಪ್ಯಾಡು ಪೂರ್ತಿಯಾಗಿ ಹಿಡಿಯಲಾರದು. ಹಿಡಿದ ಕಡೆಯಲ್ಲಿ ಗಟ್ಟಿಯಾದ ತುಕ್ಕು ಉಪ್ಪುಕಾಗದದಂತೆ ಪ್ಯಾಡನ್ನು ಕೆರೆಯುತ್ತದೆ. ಪ್ಯಾಡನ್ನು ಅತ್ತಿತ್ತ ಸರಿಯಗೊಡುವ ಸರಳುಗಳೂ ಕಚ್ಚಿಕೊಳ್ಳುವುದುಂಟು. ಆದರೆ ಮೋಟಾರಿನ ತಡೆಗೆ ಮಿತಿಯಿದೆ. ಬ್ಯಾಟರಿ ಪೂರ್ತಿ ತುಂಬಿರುವಾಗ ಅದು ಶಕ್ತಿಯನ್ನು ಒಳಕ್ಕೆ ತೆಗೆದುಕೊಳ್ಳದು. ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದ ಕ್ಷಣದಲ್ಲಿ ಕಾರನ್ನು ನಿಲ್ಲಿಸಬೇಕಾದದ್ದು, ತಿಂಗಳುಗಟ್ಟಲೆ ಯಾರೂ ಕೇಳದೆ ಬಿಟ್ಟಿದ್ದ ಆ ಕಬ್ಬಿಣವೇ.

ಇಷ್ಟಾಗಿ, ಅದನ್ನು ನೋಡುವವರು ಯಾರು? ಜರ್ಮನಿಯಲ್ಲಿ ಹೊಸ ಕಾರನ್ನು 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ, ಬ್ರೇಕುಸಹಿತವಾಗಿ ಕಡ್ಡಾಯ ಪರೀಕ್ಷೆಗೆ ಒಡ್ಡುತ್ತಾರೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಗಳದು. ಅಲ್ಲಿಯವರೆಗೆ ಅದರ ಬ್ರೇಕನ್ನು ಪರೀಕ್ಷಿಸಿಯೇ ತೀರಬೇಕೆಂಬ ವಿಧಿಯಿಲ್ಲ. ಹೊಗೆಯಿಲ್ಲದ ಕಾರಿಗೆ ಹೊಗೆಯ ತಪಾಸಣೆಯೂ ಇಲ್ಲ. ಎಂಜಿನ್ನಿಲ್ಲದ ಮೇಲೆ ಸರ್ವೀಸೇಕೆ ಎನ್ನುವ ಮಾಲೀಕರು ಬೇರೆ. ವಿದ್ಯುತ್ ಕಾರುಗಳಿಗೆ 3 ವರ್ಷಕ್ಕೊಮ್ಮೆಯಾದರೂ ಬ್ರೇಕಿನ ಪರೀಕ್ಷೆಯನ್ನು ಸರ್ಕಾರ ವಿಧಿಸಬೇಕೆಂದು ನಾನು ಹೇಳುತ್ತೇನೆ. ಪೆಟ್ರೋಲ್ ಕಾರುಗಳಿಗೂ ವಿಧಿಸಿದರೆ ನಷ್ಟವೇನೂ ಇಲ್ಲ.

ಕಾರು ಕಟ್ಟುವವರಿಗೂ ಒಂದು ಮಾತಿದೆ. ಹಿಂದಿನ ಗಾಲಿಗಳಿಗೆ ಹಳೆಯ ಡ್ರಮ್ ಬ್ರೇಕುಗಳನ್ನೇ ಹಾಕಿದರೆ ಉಜ್ಜುವ ಮೈ ಮುಚ್ಚಿದ ಪೆಟ್ಟಿಗೆಯೊಳಗಿದ್ದು ಮಳೆಯಿಂದ ಬಹುಮಟ್ಟಿಗೆ ಪಾರಾಗುತ್ತದೆ. ಸವೆದ ಪುಡಿಯೂ ಹೊರಕ್ಕೆ ಅಷ್ಟಾಗಿ ಹಾರುವುದಿಲ್ಲ. ಡ್ರಮ್ಮು ಬೇಗ ಬಿಸಿಯೇರಿ ಹಿಡಿತ ಕಳೆದುಕೊಳ್ಳುತ್ತದೆಂಬ ದೂರು ನಿಜವೇ. ಆದರೆ ಮೋಟಾರು ಹೊರೆ ಹಂಚಿಕೊಂಡಿರುವಲ್ಲಿ ಆ ದೂರಿನ ತೂಕ ಕಡಿಮೆಯಾಗುತ್ತದೆ. 2020ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಐಡಿ.3, ಅದೇ ವರ್ಷದ ನಮ್ಮ ಟಾಟಾ ನೆಕ್ಸಾನ್ ವಿದ್ಯುತ್ ಕಾರು, ಎರಡಕ್ಕೂ ಹಿಂದೆ ಡ್ರಮ್ಮುಗಳೇ ಇದ್ದವು. ಆದರೆ ಕೊಳ್ಳುವವರಿಗೆ "ನಾಲ್ಕೂ ಗಾಲಿಗೆ ಡಿಸ್ಕು" ಎಂಬ ಜಾಹಿರಾತೇ ಪ್ರಿಯ. ಕೊಂಡವರ ಡಿಸ್ಕು ಆಮೇಲೆ ಅಟ್ಟದ ಈಳಿಗೆಯಂತಾಗುವುದು ಜಾಹಿರಾತಿನಲ್ಲಿ ಕಾಣಿಸದು.

ಈಗಾಗಲೇ ಡಿಸ್ಕಿನ ಕಾರು ಇರುವವರು ವಾರಕ್ಕೊಮ್ಮೆ, ಕಾರು ತೊಳೆದ ದಿನವಂತೂ ತಪ್ಪದೆ, ಖಾಲಿಯಾದ ನೇರ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು ನಾಲ್ಕೈದು ಸಲ ಬ್ರೇಕನ್ನು ಬಲವಾಗಿ ಒತ್ತುವುದು ಒಳ್ಳೆಯದು. ಮೋಟಾರಿನ ತಡೆ ಸಾಲದೆ ಹೋದಾಗ ಪ್ಯಾಡುಗಳು ತಟ್ಟೆಯನ್ನು ಹಿಡಿದು ಉಜ್ಜುತ್ತವೆ. ಕೆಲವು ಕಾರುಗಳು ಈ ಕೆಲಸವನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ. ನಮ್ಮ ನೆರೆಯವರ ಕಾರು ಅಂಥದಲ್ಲ. ಅವರೀಗ ಭಾನುವಾರ ಬೆಳಗಾಗುತ್ತಲೇ ಊರ ಹೊರಗೆ ಹೋಗಿಬಂದು, ಗೇಟಿನ ಬಳಿ ಬಗ್ಗಿ ಗಾಲಿಯೊಳಕ್ಕೆ ಇಣುಕಿ ನೋಡುತ್ತಾರೆ.