ಪಥ್ಯ ಒಬ್ಬರಿಗೇ ಏಕೆ?

ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆಯೋ ಬಿಪಿಯೋ ಇದೆಯೆಂದು ವೈದ್ಯರು ಹೇಳಿದ ದಿನವೇ ಅಡುಗೆಮನೆಯಲ್ಲಿ ಇನ್ನೊಂದು ಸಣ್ಣ ಪಾತ್ರೆ ಒಲೆಯೇರುತ್ತದೆ. ದಾದಿಗೆ ಉಪ್ಪು ಕಡಿಮೆ ಹಾಕಿದ ಸಾರು, ಸಕ್ಕರೆಯಿಲ್ಲದ ಚಹಾ. ಉಳಿದವರಿಗೆ ಎಂದಿನ ಅನ್ನ, ಕರಿದ ತಿಂಡಿ, ಉಪ್ಪಿನಕಾಯಿ. ಒಂದೇ ದಸ್ತರ್‌ಖಾನಿನ ಮುಂದೆ ಕುಳಿತು ಆ ಹಿರಿಯ ಜೀವ ಎಷ್ಟು ದಿನ ತಾಳೀತು? ವಾರ ಕಳೆಯುವಷ್ಟರಲ್ಲಿ ಕದ್ದು ತಿನ್ನುವುದು ಶುರುವಾಗುತ್ತದೆ, ನಾವು ಗದರುತ್ತೇವೆ. ಎರಡೆರಡು ಅಡುಗೆ ಮಾಡುವ ಸೊಸೆಯೂ ಬಳಲುತ್ತಾಳೆ.

ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಹಾಗಾದರೆ ಪಥ್ಯವನ್ನು ಒಬ್ಬರ ತಟ್ಟೆಗೆ ಬಡಿಸುವ ಬದಲು ಎಲ್ಲರ ಪಾತ್ರೆಗೇ ಏಕೆ ತರಬಾರದು? ಹೊಟ್ಟೆಯ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿವರ್ಯ(ಸ)ರ ಬೋಧನೆ ರೋಗಿಗಳಿಗೆ ಮಾತ್ರ ಇರುವುದಲ್ಲವಲ್ಲ!

ಉಪ್ಪಿನಿಂದ ಆರಂಭಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಅಂದರೆ ನಾಲ್ವರಿರುವ ಮನೆಗೆ 1 ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಬೇಕರಿ ತಿಂಡಿ, ಹಪ್ಪಳ, ಉಪ್ಪಿನಕಾಯಿಯ ಉಪ್ಪು ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಸಕ್ಕರೆ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಎಂದರೆ 32 ಗ್ರಾಮಿಗೆ ಕಡಿಮೆಯಿಲ್ಲ. 25 ಗ್ರಾಮಿನೊಳಗೆ ಇರುವುದೇ ಒಳ್ಳೆಯದು ಎನ್ನುತ್ತಾರೆ ತಜ್ಞರು. ಒಮ್ಮೆಲೇ ನಿಲ್ಲಿಸಿದರೆ ಮನೆಯಲ್ಲಿ ಜಗಳ. ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆ ತಾನಾಗಿ ಒಗ್ಗಿಕೊಳ್ಳುತ್ತದೆ.

ಹೊಂಗನೂರಿನಂಥ ನಮ್ಮ ಊರುಗಳಿಗೆ ರಾಗಿ ಹೊಸದಲ್ಲ. ಚನ್ನಪಟ್ಟಣ, ಕನಕಪುರ, ಮಾಗಡಿಯ ಹೊಲಗಳ ಬೆಳೆಯದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದಂಶವಿದೆ, ಬಿಳಿ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. 2024ರ ಫೆಬ್ರವರಿಯಿಂದ ರಾಜ್ಯದ ಸರಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವ ಯೋಜನೆಯೂ ಆರಂಭವಾಯಿತು. ಶಾಲೆಯಲ್ಲಿ ಕುಡಿಯುವ ಮಗುವಿಗೆ ಮನೆಯಲ್ಲಿ ಮಾತ್ರ ಮುದ್ದೆ ಏಕೆ ಬೇಡವಾಗಬೇಕು?

ಆದರೆ ರಾಗಿ ಔಷಧಿಯಲ್ಲ. ಅದರಲ್ಲೂ ಪಿಷ್ಟವಿದೆ, ಎರಡು ದೊಡ್ಡ ಮುದ್ದೆ ನುಂಗಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಿರಲಿ, ಜೊತೆಗೆ ಹುರುಳಿ ಸಾರು ಅಥವಾ ಮಸ್ಸೊಪ್ಪು ಧಾರಾಳವಾಗಿರಲಿ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಹಬ್ಬದ ಅಡುಗೆಯನ್ನೂ ಬಿಡಬೇಕಾಗಿಲ್ಲ. ದಾಲ್ಚಾ ಮಾಡುವಾಗ ಮಾಂಸ ಸ್ವಲ್ಪ ಇಳಿಸಿ, ಬೇಳೆ ಮತ್ತು ಸೋರೆಕಾಯಿ ಹೆಚ್ಚಿಸಿ ನೋಡಿ. ಯಾರಿಗಾಗಿ ಈ ಬದಲಾವಣೆ ಎಂದು ಹೇಳಲು ಹೋಗಬೇಡಿ. ದಾದಿಗೂ ಮೊಮ್ಮಗನಿಗೂ ಒಂದೇ ಪಾತ್ರೆಯಿಂದ ಬಡಿಸಿ.