ಕಡಲ ಕೊರೆತವೂ ಸಾರ್ವಜನಿಕರ ಹಕ್ಕೂ

2020ನೆಯ ಇಸವಿಯ ಅಕ್ಟೋಬರಿನಲ್ಲಿ ಪಡುಬಿದ್ರಿಯ ಕಡಲತೀರಕ್ಕೆ, ಹೊನ್ನಾವರದ ಕಾಸರಕೋಡಿನೊಡನೆ, ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆಯು ದೊರೆತುದು ಕನ್ನಡಿಗರೆಲ್ಲರಿಗೂ ಸಂತೋಷದ ಸಂಗತಿಯೇ ಸರಿ. ಆದರೆ ಬಾವುಟವನ್ನು ನೆಡುವುದಕ್ಕೂ ಮರಳಿರಬೇಕಷ್ಟೆ!

ಕರಾವಳಿಯಲ್ಲಿ ಕೊರೆತವುಂಟಾದೊಡನೆ ಲಾರಿಗಟ್ಟಲೆ ಬಂಡೆಗಳನ್ನು ತಂದು ಸುರಿಯುವುದು ವಾಡಿಕೆಯಾಗಿಬಿಟ್ಟಿದೆ. ಮನೆಗಳೇ ನೀರುಪಾಲಾಗುತ್ತಿರುವಲ್ಲಿ ಅದನ್ನು ಬೇಡವೆನ್ನುವ ಧೈರ್ಯ ನಮಗಿಲ್ಲ. ವಿಹಾರಕ್ಕೆಂದಿರುವ ತೀರದ ಮಾತು ಬೇರೆ. ಆಷಾಢದ ಅಲೆಗಳು ಸೆಳೆದೊಯ್ದ ಮರಳನ್ನು ಸಮುದ್ರವು ತುಸು ಆಚೆಯ ದಿಣ್ಣೆಯಲ್ಲಿರಿಸಿ, ಮಳೆಯು ಹಿಂದೆಗೆದ ಮೇಲೆ ಬಹುಮಟ್ಟಿಗೆ ತಿರುಗಿ ತಂದೊಪ್ಪಿಸುತ್ತದೆ. ಕಲ್ಲಿನ ಗೋಡೆಗೆ ಬಡಿದ ಅಲೆಯಾದರೋ ಹಿಂದಿರುಗುವಾಗ ಅದರ ಬುಡದ ಮರಳನ್ನೇ ತೋಡುತ್ತದೆ. ಗೋಡೆಯು ಮುಗಿದಲ್ಲಿ ನೆರೆಯವರ ತೆಂಗಿನ ತೋಟಕ್ಕೆ ಕುತ್ತು. ರಸ್ತೆಯು ಉಳಿದೀತು, ತೀರವು ಉಳಿಯದು.

ಮರಳಿನ ದಿಬ್ಬವೂ ಅದನ್ನು ಹಿಡಿದಿಡುವ ಅಡುಂಬು ಬಳ್ಳಿಯೂ ಇಲ್ಲಿನ ನಿಜವಾದ ಕೋಟೆ. ಅದನ್ನು ತುಳಿದು ಕೆಡಿಸುವವರು ನಾವೇ. ವಾಹನವನ್ನು ನೀರಂಚಿಗೆ ಒಯ್ಯದೆ ವಿಹಾರವೇ ಆಗದೆಂಬ ನಂಬುಗೆಯು ನಮ್ಮವರಲ್ಲಿ ಬೆಳೆದಿದೆ! ಹಾಗೆಂದು ಬೇಲಿ ಹಾಕಿ ಜನರನ್ನು ಹೊರಗಿಡುವುದನ್ನು ನಾವೆಂದಿಗೂ ಒಪ್ಪೆವು. ತೀರವು ಶುಲ್ಕ ತೆರಬಲ್ಲವರೊಬ್ಬರ ಸೊತ್ತಲ್ಲ. ಕೈರಂಪಣಿ ಬಲೆಯೆಳೆಯುವವರಿಗೆ ಅದು ಅನ್ನದ ದಾರಿ. ದಿಬ್ಬವನ್ನು ಮುಟ್ಟದಂತೆ ಕಂಬಗಳ ಮೇಲೆ ಕಟ್ಟಿದ ಮರದ ಕಾಲುದಾರಿಗಳು ನಾಲ್ಕೆಡೆ ಇದ್ದರೆ ಸಾಕು. ಮಳೆಗಾಲಕ್ಕೆ ಮುನ್ನ ಅವುಗಳನ್ನು ಕಳಚಿಡುವಂತಿರಲಿ. ವಾಹನಗಳೂ ಅಂಗಡಿಗಳೂ ದಿಬ್ಬದ ಹಿಂದೆಯೇ ನಿಲ್ಲಲಿ. ಕಲ್ಲು ಸುರಿಯುವ ಯೋಜನೆಯು ಎಂದಾದರೂ ಮುಂದೆ ಬಂದಲ್ಲಿ, ಸಹಿ ಬೀಳುವುದಕ್ಕೆ ಮೊದಲು ಉಡುಪಿಯ ಜಿಲ್ಲಾಧಿಕಾರಿಗಳು ಊರವರನ್ನೂ ಮೀನುಗಾರರನ್ನೂ ಕರೆದು ಆ ಮರಳಿನ ಮೇಲೆಯೇ ಸಭೆ ಸೇರಿಸಲಿ.